ಹೋರಿ ಹಬ್ಬದ ಅಖಾಡದಲ್ಲಿ ಲೋಕಾಚಾರ

ದೀಪಾವಳಿಯ ಪಾಡ್ಯದಂದು ಕುಪ್ಪೇಲೂರಿನ ಸುತ್ತಣ ರಾಣೇಬೆನ್ನೂರು, ಬ್ಯಾಡಗಿ, ಹಾವೇರಿಗಳ ಹಳ್ಳಿಗಾಡಿನಲ್ಲಿ ಹೆಂಗಸರು ಸಗಣಿಯಿಂದ ಪುಟ್ಟ ಪುಟ್ಟ ಮೂರ್ತಿಗಳನ್ನು ಮಾಡಿ, ಅವಕ್ಕೆ ಉತ್ತರಾಣಿ ಕಡ್ಡಿಯನ್ನೂ ಚೆಂಡುಹೂವನ್ನೂ ಸಿಕ್ಕಿಸಿ, ಹೊಸ್ತಿಲ ಬಳಿ ಇರಿಸುವರು. ಇದನ್ನು ಯಾವ ಶಾಲೆಯೂ ಕಲಿಸದು. ತಾಯ ಕೈಯನ್ನು ನೋಡಿದ ಮಗಳ ಕೈಗೆ ಅದು ತಾನಾಗಿ ಬರುವುದು. ಮಾನವಶಾಸ್ತ್ರಜ್ಞ ಎಡ್ವರ್ಡ್ ಟೈಲರನು 1871ರಲ್ಲಿ ಜ್ಞಾನ, ನಂಬಿಕೆ, ಕಲೆ, ನೀತಿ, ಕಾನೂನು, ರೂಢಿಗಳೇ ಮೊದಲಾಗಿ ಮನುಷ್ಯನು ಸಮಾಜದ ಸದಸ್ಯನಾಗಿ ಗಳಿಸಿಕೊಂಡ ಸಮಸ್ತವನ್ನೂ ಸಂಸ್ಕೃತಿಯೆಂದು ನಿರ್ವಚಿಸಿದಾಗ, ಸಂಗೀತ ಸಾಹಿತ್ಯಗಳ ಜೊತೆಗೆ ಈ ಸಗಣಿಯ ಮೂರ್ತಿಗೂ ಸಮಾನಾಸನ ದೊರೆತಂತಾಯಿತು.

ಆ ಮೂರ್ತಿಯನ್ನು ಕೆಲವರು ಹಟ್ಟೆವ್ವನೆಂದೂ ಕೆಲವರು ಪಾಂಡವರೆಂದೂ ಕರೆಯುವರು. ಮಾನವಶಾಸ್ತ್ರಜ್ಞ ರಾಬರ್ಟ್ ರೆಡ್‌ಫೀಲ್ಡನು ಹೇಳಿದ ಹಳ್ಳಿಗರ ಕಿರು ಪರಂಪರೆ, ಪಂಡಿತರ ಹಿರಿ ಪರಂಪರೆಗಳು ಇಲ್ಲಿ ಒಂದೇ ಸಗಣಿಯುಂಡೆಯಲ್ಲಿ ಕಲೆತಿವೆ. ನಮ್ಮ ಎಂ. ಎನ್. ಶ್ರೀನಿವಾಸರು ಕೊಡಗರನ್ನು ಕುರಿತ ತಮ್ಮ 1952ರ ಗ್ರಂಥದಲ್ಲಿ, ಕೆಳಗಿನ ಸಮುದಾಯಗಳು ಮೇಲಿನವರ ಆಚಾರಗಳನ್ನು ಸ್ವೀಕರಿಸಿ ಸ್ಥಾನೋನ್ನತಿಯನ್ನು ಬಯಸುವ ಸಂಸ್ಕೃತೀಕರಣವನ್ನು ವಿವರಿಸಿದರು. ಅದು ಏರುವ ದಾರಿ. ಮಹಾಭಾರತದ ವೀರರು ಹಟ್ಟಿಯ ಸಗಣಿಯೊಳಕ್ಕೆ ಬಂದು ಕುಳಿತದ್ದಾದರೋ ಇಳಿದು ಬರುವ ದಾರಿ. ಪಂಡಿತರು ಮೊದಲನೆಯದನ್ನೇ ಹೆಚ್ಚಾಗಿ ಚರ್ಚಿಸಿದರೆಂಬುದು ನನ್ನ ಎಣಿಕೆ.

ಇದೇ ದೀಪಾವಳಿಯಿಂದ ಮೊದಲ್ಗೊಂಡು ವಾರಗಟ್ಟಲೆ ಊರೂರಲ್ಲಿ ನಡೆಯುವ ಹೋರಿ ಹಬ್ಬವು ಇನ್ನೂ ಗಹನವಾದುದು. ಕೊರಳಿಗೆ ಕೊಬ್ಬರಿ ಸರ, ಮೈಗೆ ಜೂಲ, ಕೋಡಿಗೆ ಬಲೂನು ಕಟ್ಟಿ ಬಿಟ್ಟ ಹೋರಿಯು ಜನರ ನಡುವೆ ಸೀಳಿಕೊಂಡು ಓಡುವಾಗ ತರುಣರು ಅದನ್ನು ತಡೆದು ಕೊಬ್ಬರಿಯನ್ನು ಕಿತ್ತುಕೊಳ್ಳುವರು. ಯಾರ ಕೈಗೂ ಸಿಗದ ಹೋರಿಯ ಹೆಸರು ಸೀಮೆಯ ತುಂಬ ಹಬ್ಬುವುದು. ಸಮಾಜಶಾಸ್ತ್ರಜ್ಞ ವಿಲಿಯಂ ಗ್ರಹಾಂ ಸಮ್ನರನು 1906ರಲ್ಲಿ ಮುರಿದರೆ ಜನ ನಕ್ಕು ಸುಮ್ಮನಾಗುವ ಲೋಕಾಚಾರವನ್ನು, ಮುರಿದರೆ ಸಮಾಜವು ಕೆರಳುವ ನೈತಿಕ ಕಟ್ಟಳೆಯಿಂದ ಬೇರ್ಪಡಿಸಿದನು. ಜೂಲದ ಬಣ್ಣ ತಪ್ಪಿದರೆ ನಗೆ ಬಂದೀತು. ಹಬ್ಬದ ದಿನ ಎತ್ತಿಗೆ ನೊಗ ಹೂಡಿದವನನ್ನು ಹಿರಿಯರು ಹಾಗೆ ಬಿಡಲಾರರು.

ಸಮಾಜಶಾಸ್ತ್ರಜ್ಞ ವಿಲಿಯಂ ಆಗ್‌ಬರ್ನನು 1922ರಲ್ಲಿ ಮಂಡಿಸಿದ ಸಾಂಸ್ಕೃತಿಕ ವಿಳಂಬದ ವಾದದಂತೆ ಯಂತ್ರವು ಮುಂದೆ ಓಡುವುದು, ಆಚಾರವು ಹಿಂದೆ ಕುಂಟುವುದು. ಗೋವಿನಜೋಳ, ಹತ್ತಿಗಳ ಈ ಹೊಲಗಳಲ್ಲಿ ನೇಗಿಲ ಕೆಲಸವನ್ನು ಬಹುಮಟ್ಟಿಗೆ ಟ್ರ್ಯಾಕ್ಟರು ಕೈಗೊಂಡಿದೆ. ಆ ಲೆಕ್ಕದಂತೆ ಹೋರಿಯ ಆದರವೂ ತಡವಾಗಿಯಾದರೂ ಕುಗ್ಗತಕ್ಕದ್ದು. ಆದರೆ ಉಳುವ ಹೊರೆ ಇಳಿದ ಮೇಲೆ, ಹಬ್ಬದ ಓಟಕ್ಕೆಂದೇ ಹೋರಿಯನ್ನು ವರ್ಷವೆಲ್ಲ ಮೇಯಿಸಿ, ತಾಲೀಮು ಮಾಡಿಸಿ, ಹೆಸರಿಟ್ಟು ಸಾಕುವವರು ಕಾಣಿಸಿಕೊಂಡಿದ್ದಾರೆ. ದುಡಿಮೆಯ ಪಶುವು ಮಾನದ ಪಶುವಾಯಿತು. ಇದನ್ನು ವಿಳಂಬವೆನ್ನಲು ನನಗೆ ಮನಸ್ಸು ಬಾರದು. ಹಳೆಯ ವಸ್ತುವೊಂದು ಹೊಸ ಅರ್ಥವನ್ನು ಧರಿಸಿದೆ, ಅಷ್ಟೆ.

ಇಷ್ಟಾದರೂ ಕಟ್ಟಳೆಗಳು ಎಲ್ಲರಿಗೂ ಒಂದೇ ಅಲ್ಲವೆಂಬುದನ್ನು ಕಾಯಿದೆಯು ತೋರಿಸಿಕೊಟ್ಟಿತು. 2014ರಲ್ಲಿ ಸುಪ್ರೀಂ ಕೋರ್ಟು ಪ್ರಾಣಿಹಿಂಸೆಯ ದೃಷ್ಟಿಯಿಂದ ಜಲ್ಲಿಕಟ್ಟನ್ನೂ ಎತ್ತಿನ ಗಾಡಿ ಓಟವನ್ನೂ ನಿಷೇಧಿಸಿತು. 2017ರಲ್ಲಿ ಕರ್ನಾಟಕದ ಶಾಸಕಾಂಗವು ಕಂಬಳ, ಹೋರಿ ಓಟಗಳಿಗೆ ಎಡೆ ಮಾಡಿಕೊಡುವಂತೆ ಪ್ರಾಣಿಹಿಂಸೆ ತಡೆ ಕಾಯಿದೆಯನ್ನು ತಿದ್ದಿತು. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2023ರ ಮೇ ತಿಂಗಳಲ್ಲಿ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹೋರಿಯನ್ನು ಮಗನಂತೆ ಸಾಕಿದ ರೈತನೂ, ಅದರ ಭಯವನ್ನು ಕಂಡು ಮರುಗುವ ನಗರವಾಸಿಯೂ ತಂತಮ್ಮ ಕರುಣೆಯನ್ನೇ ಸಾಕ್ಷಿಗೆ ಕರೆದರು. ತನ್ನ ಗುಂಪಿನ ಆಚಾರವನ್ನೇ ಅಳತೆಗೋಲಾಗಿ ಹಿಡಿದು ಪರರನ್ನು ಅಳೆಯುವ ಸ್ವಸಮುದಾಯ ಕೇಂದ್ರಿತ ದೃಷ್ಟಿಯೆಂದು ಸಮ್ನರನು ಹೆಸರಿಸಿದ ದೋಷವು ಎರಡು ಕಡೆಗೂ ಅಂಟಿಕೊಂಡಿತ್ತು. ಆದರೆ ಓಟದಲ್ಲಿ ತಿವಿತಕ್ಕೆ ಸಿಕ್ಕಿ ಸತ್ತವನ ಮನೆಯವರ ಪ್ರಶ್ನೆಗೆ ಈ ಎರಡು ಪಕ್ಷಗಳ ವಾದವೂ ಉತ್ತರವಾಗಲಾರದು.