ಅಣುವೋ, ನೀರೋ, ಬಿಸಿಲೋ: ಕೊಡಗಿನಿಂದ ಒಂದು ಲೆಕ್ಕ

ಯಾವ ಮೂಲದ ವಿದ್ಯುತ್ತು ಮೇಲು ಎಂಬ ಚರ್ಚೆ ನಮ್ಮಲ್ಲಿ ಇಂಗಾಲದಿಂದ ಶುರುವಾಗಿ ಯೂನಿಟ್ ದರದಲ್ಲಿ ಮುಗಿದುಬಿಡುತ್ತದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2014ರಲ್ಲಿ ಕೊಟ್ಟ ಅಂದಾಜು ಹೀಗಿದೆ: ಗಣಿಯಿಂದ ಗುಜರಿಯವರೆಗಿನ ಲೆಕ್ಕ ಹಿಡಿದರೆ ಒಂದು ಯೂನಿಟ್ಟಿಗೆ ಕಲ್ಲಿದ್ದಲಿನಿಂದ ಸುಮಾರು 820 ಗ್ರಾಂ ಇಂಗಾಲ ಡೈಆಕ್ಸೈಡಿಗೆ ಸಮನಾದ ಅನಿಲ ಹೊರಬೀಳುತ್ತದೆ, ದೊಡ್ಡ ಸೌರ ಸ್ಥಾವರದಿಂದ 48, ನೀರಿನಿಂದ 24, ಅಣುವಿನಿಂದ 12, ಗಾಳಿಯಿಂದ 11. ಕಲ್ಲಿದ್ದಲು ಬಿಡಬೇಕು ಎನ್ನಲು ಇಷ್ಟು ಸಾಕು. ಉಳಿದ ನಾಲ್ಕರಲ್ಲಿ ಯಾವುದು ಎಂದರೆ ಈ ಅಂಕಿಗಳು ಹೆಚ್ಚೇನೂ ಹೇಳವು. ಅದನ್ನು ತೀರ್ಮಾನಿಸಬೇಕಾದವು ಬೇರೆ ಎರಡು ಪ್ರಶ್ನೆಗಳು: ಕರೆಂಟು ಯಾರ ನೆಲದ ಮೇಲೆ ಹಾದು ಬರುತ್ತದೆ, ಯಾವ ತಿಂಗಳಲ್ಲಿ ಸಿಗುತ್ತದೆ.

ಮೊದಲನೆಯದರ ಬಿಸಿ ಕೊಡಗಿಗೆ 2014–15ರಲ್ಲಿ ತಟ್ಟಿತು. ಕೈಗಾ ಅಣುಸ್ಥಾವರದ ವಿಸ್ತರಣೆಯೊಂದಿಗೆ ಯೋಜಿಸಿದ್ದ ಮೈಸೂರು–ಕೋಳಿಕ್ಕೋಡ್ 400 ಕೆ.ವಿ. ಮಾರ್ಗ ದಕ್ಷಿಣ ಕೊಡಗಿನ ಕಾಡು, ತೋಟಗಳನ್ನು ಸೀಳಿಕೊಂಡು ಹೋಯಿತು. ಸಾವಿರಾರು ಮರ ಉರುಳಿದವು. ಪ್ರತಿಭಟನೆ, ಕೋರ್ಟು ಎಲ್ಲವೂ ಆಯಿತು. ತಂತಿಯ ಕೆಳಗೆ ಕಾಫಿ ಗಿಡ ಇರಬಹುದು, ಎತ್ತರದ ನೆರಳಿನ ಮರ ಇರುವಂತಿಲ್ಲ. ಬಳಂಜಿ, ಹಲಸು, ಸಿಲ್ವರ್ ಓಕ್ ಹೋದರೆ ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೂ ಹೋದಂತೆ. ಬಿಸಿಲಿಗೆ ಬಿದ್ದ ಅರೇಬಿಕಾವನ್ನು ಕಾಂಡಕೊರಕ ಹುಡುಕಿಕೊಂಡು ಬರುತ್ತದೆ. 12 ಗ್ರಾಂ ಎಂಬ ಅಂಕಿಯೊಳಗೆ ಈ ನಷ್ಟ ಕಾಣುವುದಿಲ್ಲ. ಹಾಗಾದರೆ ದೇಶಕ್ಕೆ ಗ್ರಿಡ್ ಬೇಡವೇ ಎಂದು ಕೇಳಬಹುದು. ಬೇಕು. ಕೊಡಗಿನಲ್ಲಿ ಹುಟ್ಟಿದ ಕಾವೇರಿಯೇ 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತಾಗಿ, ಸುಮಾರು 147 ಕಿ.ಮೀ. ತಂತಿಯಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿದಿತ್ತು. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿಗೂ ತಂತಿ ಬೇಕೇ ಬೇಕು, ಆದ್ದರಿಂದ ಇದು ಅಣುವಿಗೆ ಮಾತ್ರ ಹೊರಿಸುವ ದೋಷವಲ್ಲ. ನನ್ನ ತಕರಾರಿರುವುದು, ಸ್ಥಾವರ ಮೊದಲು ಆಗಲಿ, ದಾರಿ ಆಮೇಲೆ ನೋಡಿಕೊಳ್ಳೋಣ ಎಂಬ ಧೋರಣೆಯ ಮೇಲೆ.

ಇನ್ನು ತಿಂಗಳ ಮಾತು. ಇಂಥ ಮಳೆನಾಡಿನಲ್ಲಿ ಸೌರವೇ ಎಂದು ನಗುವವರಿದ್ದಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಅವರ ನಗು ನ್ಯಾಯವೇ. ಆದರೆ ಹೂಮಳೆ ಕೈಕೊಟ್ಟಾಗ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಹಾರಿಸಬೇಕಾಗುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಕೆರೆಯ ನೀರನ್ನು ಗುಡ್ಡಕ್ಕೆ ಎತ್ತಲು ಎಷ್ಟೋ ಕಡೆ ಇವತ್ತಿಗೂ ಡೀಸೆಲ್ ಎಂಜಿನ್ನೇ ಗತಿ. ಆಕಾಶ ಶುಭ್ರವಾಗಿರುವುದೂ ಆಗಲೇ. ಬ್ರಹ್ಮಗಿರಿಯಿಂದ ಕಣ್ಣೂರಿಗಿಳಿಯುವ ಬರಪೊಳೆಯಲ್ಲಿ ಕೇರಳ 2016ರಲ್ಲಿ ದೊಡ್ಡ ಅಣೆಕಟ್ಟಿಲ್ಲದೆ 15 ಮೆಗಾವಾಟಿನ ಜಲಸ್ಥಾವರ ಶುರು ಮಾಡಿತು. ಅದರ ಕಾಲುವೆಯ ಮೇಲೂ ದಂಡೆಯಲ್ಲೂ 4 ಮೆಗಾವಾಟಿನ ಸೌರ ಫಲಕ ಹಾಕಿತು. ಮಳೆಗಾಲಕ್ಕೆ ನೀರು, ಬೇಸಗೆಗೆ ಬಿಸಿಲು, ಹೊಸ ನೆಲ ಅಷ್ಟಾಗಿ ಬೇಡ. ರಾತ್ರಿಗೆ ಏನು ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ, ಅಲ್ಲಿ ಹಗಲಿರುಳು ಓಡುವ ಕೈಗಾದ ಬೆಲೆ ಕಡಿಮೆಯಾಗುವುದಿಲ್ಲ. ಬ್ಯಾಟರಿ ಅಗ್ಗವಾಗುತ್ತಿದೆ ನಿಜ, ಆದರೆ ಜುಲೈ ತಿಂಗಳ ಮೋಡವನ್ನು ದಾಟಿಸುವಷ್ಟು ದೊಡ್ಡ ಬ್ಯಾಟರಿ ಯಾರ ಬಳಿಯೂ ಇಲ್ಲ.

ಆದ್ದರಿಂದ ಅಣುವಾಗಲಿ ಸೌರವಾಗಲಿ, ಯೋಜನೆಗೆ ಒಪ್ಪಿಗೆ ಕೇಳುವ ದಿನವೇ ತಂತಿಯ ದಾರಿಯ ನಕ್ಷೆ, ಹೋಗುವ ಮರಗಳ ಲೆಕ್ಕ, ತಿಂಗಳುವಾರು ಉತ್ಪಾದನೆಯ ಅಂದಾಜು ಆ ದಾರಿಯ ಗ್ರಾಮಸಭೆಗಳ ಮುಂದಿರಬೇಕು. ಇವಿಲ್ಲದ ಯೋಜನಾ ವರದಿಗೆ ಸರ್ಕಾರ ಸಹಿ ಹಾಕಬಾರದು.