ಬೀಗವಿಲ್ಲದ ಬಾಗಿಲಿನ ಮನೆಗೆ ನಾಲ್ಕು ಮಕ್ಕಳು

ಮಗ-ಸೊಸೆ ಹೊಸ ಮನೆ ನೋಡಿ ಬಂದರೆ ಕೋಣೆ ಎಷ್ಟು, ಬಾಡಿಗೆ ಎಷ್ಟು, ಆಫೀಸಿಗೆ ಎಷ್ಟು ದೂರ ಎಂದೆಲ್ಲ ಹೇಳುತ್ತಾರೆ. ನಮ್ಮಂಥ ಹಳಬರು ಕೇಳುವುದು ಒಂದೇ ಪ್ರಶ್ನೆ: "ಅಕ್ಕಪಕ್ಕ ಹೇಗಿದೆಯಪ್ಪಾ?" ಉತ್ತರ ತುಸು ತಡವಾಗಿ ಬರುತ್ತದೆ. "ಏರಿಯಾ ಸ್ವಲ್ಪ ಒರಟು ಅಂತಾರೆ, ಆದರೆ ಬಾಡಿಗೆ ನಮ್ಮ ಕೈಗೆಟಕುತ್ತೆ." ಆಮೇಲೆ ರಾತ್ರಿ ಊಟ ಮುಗಿಯುವವರೆಗೂ ಅದೇ ಮಾತು. ಮೊಮ್ಮಕ್ಕಳು ಕೇಳಿಸಿಕೊಳ್ಳುತ್ತಾ ಕೂತಿರುತ್ತಾರೆ. ಅವರನ್ನು ಮಾತ್ರ ಯಾರೂ ಕೇಳುವುದಿಲ್ಲ.

1966ರಲ್ಲಿ ಅಮೆರಿಕದ ಒಂದು ಕುಟುಂಬ ಇದೇ ಪ್ರಶ್ನೆಯನ್ನು ಎದುರಿಸಿತು. ತಂದೆ ಮಾರ್ಟಿನ್ ಲೂಥರ್ ಕಿಂಗ್. ಕಪ್ಪು ಜನರ ಸಮಾನ ಹಕ್ಕುಗಳಿಗಾಗಿ ಗಾಂಧೀಜಿಯ ದಾರಿಯಲ್ಲಿ ಹೋರಾಡಿದವರು. 1964ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು. 1959ರಲ್ಲಿ ಪತ್ನಿ ಕೊರೆಟ್ಟಾ ಅವರೊಂದಿಗೆ ಭಾರತಕ್ಕೂ ಬಂದು ಸುಮಾರು ಒಂದು ತಿಂಗಳು ಸುತ್ತಾಡಿದ್ದರು. ಮನೆಯಲ್ಲಿ ನಾಲ್ಕು ಮಕ್ಕಳು. 1966ರ ಬೇಸಿಗೆಯಲ್ಲಿ ಯೋಲಾಂಡಾಗೆ ಹತ್ತು ವರ್ಷ, ತಂದೆಯ ಹೆಸರನ್ನೇ ಇಟ್ಟುಕೊಂಡ ಮಾರ್ಟಿನ್‌ಗೆ ಎಂಟು, ಡೆಕ್ಸ್‌ಟರ್‌ಗೆ ಐದು, ಪುಟ್ಟಿ ಬರ್ನಿಸ್‌ಗೆ ಮೂರು.

ಅವರ ಸ್ವಂತ ಮನೆ ಇದ್ದದ್ದು ದಕ್ಷಿಣದ ಅಟ್ಲಾಂಟಾದಲ್ಲಿ. ಉತ್ತರದ ದೊಡ್ಡ ಊರುಗಳಲ್ಲಿ ಕಪ್ಪು ಜನ ಎಂಥ ಮನೆಗಳಲ್ಲಿ ಬದುಕುತ್ತಿದ್ದಾರೆಂದು ದೇಶಕ್ಕೆ ತೋರಿಸಲು ಕಿಂಗ್ ಶಿಕಾಗೋ ನಗರವನ್ನು ಆರಿಸಿಕೊಂಡರು. ಹೋಟೆಲಿನಲ್ಲಿ ಉಳಿದು ಭಾಷಣ ಮಾಡಿದರೆ ಸಾಲದು, ಅವರ ನಡುವೆಯೇ ಇರಬೇಕು ಎಂಬುದು ಅವರ ನಿಲುವು. 1966ರ ಜನವರಿ ಕೊನೆಯಲ್ಲಿ, ಕೊರೆಯುವ ಚಳಿಯಲ್ಲಿ, ನಾರ್ತ್ ಲಾನ್‌ಡೇಲ್ ಎಂಬ ಬಡಾವಣೆಯ ಸೌತ್ ಹ್ಯಾಮ್ಲಿನ್ ರಸ್ತೆಯಲ್ಲಿ ನಾಲ್ಕು ಕೋಣೆಯ ಮನೆ ಬಾಡಿಗೆಗೆ ಹಿಡಿದರು. ಮೂರನೇ ಮಹಡಿ. (ಅಲ್ಲಿ ನೆಲಮಹಡಿಯನ್ನೇ ಒಂದು ಎಂದು ಎಣಿಸುತ್ತಾರೆ, ನಮ್ಮ ಲೆಕ್ಕದಲ್ಲಿ ಎರಡನೆಯದು.)

ಕಿಂಗ್ ಬರುತ್ತಾರೆಂಬ ಸುದ್ದಿ ತಿಳಿದದ್ದೇ ತಡ, ಮನೆಯ ಮಾಲೀಕರು ಗಾರೆಯವರನ್ನೂ ಬಣ್ಣದವರನ್ನೂ ಕರೆಸಿ ಆ ಮನೆಯನ್ನು ಸರಿಮಾಡಿಸಿದರು. ಕಿಂಗ್ ಒಂದೊಂದು ವಾರ ಒಂದೊಂದು ಮನೆಯಲ್ಲಿ ಇದ್ದರೆ ಇಡೀ ಕೊಳೆಗೇರಿ ರಿಪೇರಿಯಾಗಿಬಿಡುತ್ತದೆ ಎಂದು ಊರಿನ ಜನ ನಕ್ಕರು. ಆದರೆ ಮೆಟ್ಟಿಲಿನ ದಾರಿಗೆ ಬಣ್ಣ ಬಳಿಯುವವರು ಯಾರು? ಕೊರೆಟ್ಟಾ ತಮ್ಮ ನೆನಪುಗಳಲ್ಲಿ ಅದನ್ನು ಬರೆದಿದ್ದಾರೆ. ಬೀದಿ ಬಾಗಿಲಿಗೆ ಬೀಗವೇ ಇರಲಿಲ್ಲ. ಒಳಗೆ ಕಾಲಿಟ್ಟರೆ ಬರಿ ಮಣ್ಣು ನೆಲ, ಮೇಲೆ ಒಂದು ಮಂಕು ದೀಪ. ಬಾಗಿಲು ಸದಾ ತೆರೆದಿದ್ದರಿಂದ ಕುಡುಕರು ಬಂದು ಅಲ್ಲೇ ಮೂತ್ರ ಮಾಡಿ ಹೋಗುತ್ತಿದ್ದರು. ಮೂಗು ಮುಚ್ಚಿಕೊಳ್ಳುವಂಥ ನಾತ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಾನು ಬ್ಯಾಂಕಿನ ಕೌಂಟರಿನಲ್ಲಿ ಆಯುಷ್ಯ ಕಳೆದವನು. ಒಂದು ಬಡಾವಣೆ 'ಕೆಟ್ಟದ್ದು' ಎಂದರೆ ಲೆಡ್ಜರಿನಲ್ಲಿ ಏನಿದೆ ಎಂದು ನೋಡುವ ಚಾಳಿ ಹೋಗಿಲ್ಲ. ನಾರ್ತ್ ಲಾನ್‌ಡೇಲ್ ಹಾಗಾದದ್ದು ಹೇಗೆ? 1950ರಲ್ಲಿ ಅಲ್ಲಿ ನೂರಕ್ಕೆ ಸುಮಾರು 87 ಮಂದಿ ಬಿಳಿಯರು, 1960ರ ಹೊತ್ತಿಗೆ 91 ಮಂದಿ ಕಪ್ಪು ಜನ. "ಕಪ್ಪು ಜನ ಬರುತ್ತಿದ್ದಾರೆ, ನಿಮ್ಮ ಮನೆಯ ಬೆಲೆ ಬಿದ್ದುಹೋಗುತ್ತದೆ" ಎಂದು ದಲ್ಲಾಳಿಗಳು ಹೆದರಿಸಿದರು. ಬಿಳಿಯರು ಅಗ್ಗಕ್ಕೆ ಮಾರಿ ಹೋದರು. ಅದೇ ಮನೆಯನ್ನು ಕಪ್ಪು ಕುಟುಂಬಕ್ಕೆ ಎರಡು ಪಟ್ಟಿಗೂ ಹೆಚ್ಚು ಬೆಲೆಗೆ ಮಾರಲಾಯಿತು. ಕ್ಲೈಡ್ ರಾಸ್ ಎಂಬವರು 1961ರಲ್ಲಿ 27,500 ಡಾಲರ್‌ಗೆ ಕೊಂಡ ಮನೆಯನ್ನು ಮಾರಿದಾತ ಆರು ತಿಂಗಳ ಹಿಂದಷ್ಟೇ 12,000 ಡಾಲರ್‌ಗೆ ಕೊಂಡಿದ್ದ.

ಬ್ಯಾಂಕಿಗೆ ಹೋಗಿ ಸಾಲ ಕೇಳಬಾರದಿತ್ತೇ ಎನ್ನುತ್ತೀರಿ. ಸಿಗುತ್ತಿರಲಿಲ್ಲ. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೊಂದು ಊರುಗಳ ನಕ್ಷೆಗಳಿಗೆ ಬಣ್ಣ ಹಾಕಿಸಿತ್ತು. ಸಾಲಕ್ಕೆ ಒಳ್ಳೆಯ ಪ್ರದೇಶಕ್ಕೆ ಹಸಿರು, ಅಪಾಯದ್ದಕ್ಕೆ ಕೆಂಪು. ಕಪ್ಪು ಜನ ಇರುವ ಬೀದಿಗಳೆಲ್ಲ ಬಹುಪಾಲು ಕೆಂಪು. ಅಲ್ಲಿನ ಸಾಲಗಳಿಗೆ ಸರ್ಕಾರದ ವಿಮೆಯೂ ಇಲ್ಲ, ಹಾಗಾಗಿ ಸಾಲವೂ ಇಲ್ಲ. ಉಳಿದದ್ದು ಮಾರುವವನೊಂದಿಗೇ ಕರಾರು: ತಿಂಗಳ ಕಂತು ಕಟ್ಟುತ್ತಾ ಹೋಗಬೇಕು, ಕೊನೆಯ ಕಂತಿನವರೆಗೂ ಪತ್ರ ಅವನ ಹೆಸರಿನಲ್ಲೇ. ಒಂದು ಕಂತು ತಪ್ಪಿದರೆ ಮನೆಯೂ ಹೋಯಿತು, ಅಲ್ಲಿಯವರೆಗೆ ಕಟ್ಟಿದ್ದೂ ಹೋಯಿತು. ಕಂತು ಹೊಂದಿಸಲು ಗಂಡ-ಹೆಂಡತಿ ಎರಡೆರಡು ಪಾಳಿ ದುಡಿದರು, ಮನೆಯನ್ನು ಭಾಗ ಮಾಡಿ ಬಾಡಿಗೆಗೆ ಕೊಟ್ಟರು. ರಿಪೇರಿಗೆ ಕಾಸಿಲ್ಲ. ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ಆಮೇಲೆ ಹೊರಗಿನವರು ಬಂದು, "ಛೆ, ಎಂಥ ಜನ, ಎಂಥ ಏರಿಯಾ!" ಎಂದರು. ನಮ್ಮಲ್ಲೂ ಸಾಲ ಕೇಳಲು ಹೋಗಿ 'ನೆಗೆಟಿವ್ ಏರಿಯಾ' ಎಂಬ ಮಾತು ಕೇಳಿ ಬಂದವರಿದ್ದಾರೆ. ಅವರಿಗೆ ಈ ಕೆಂಪು ಬಣ್ಣದ ಕಥೆ ವಿವರಿಸಬೇಕಾಗಿಲ್ಲ.

ಬಾಡಿಗೆಯ ಲೆಕ್ಕವೂ ಹಾಗೆಯೇ. ಕೆಟ್ಟ ಏರಿಯಾ ಎಂದರೆ ಅಗ್ಗ ಎಂದು ನಾವು ತಿಳಿಯುತ್ತೇವೆ. ಕಿಂಗ್ ಹೇಳಿರುವ ಲೆಕ್ಕ ಬೇರೆ. ಆ ನಾಲ್ಕು ಹಾಳು ಕೋಣೆಗಳಿಗೆ ಅವರು ತಿಂಗಳಿಗೆ 94 ಡಾಲರ್ ಕೊಡುತ್ತಿದ್ದರೆ, ಬಿಳಿಯರ ಬಡಾವಣೆಯಲ್ಲಿ ಚೊಕ್ಕಟವಾದ ಐದು ಕೋಣೆಗಳಿಗೆ 78 ಡಾಲರ್ ಇತ್ತು.

ವಾರದಲ್ಲಿ ಕೆಲವು ದಿನ ಕಿಂಗ್ ಅಲ್ಲಿರುತ್ತಿದ್ದರು. ವೈಸ್ ಲಾರ್ಡ್ಸ್‌ನಂಥ ಪುಂಡ ಗುಂಪುಗಳ ಹುಡುಗರು ಆ ಮನೆಗೆ ಬಂದು ಗಂಟೆಗಟ್ಟಲೆ ವಾದ ಮಾಡುತ್ತಿದ್ದರು. ಅದೇ ಆಗಸ್ಟಿನಲ್ಲಿ ಬಿಳಿಯರ ಬಡಾವಣೆಗಳಲ್ಲಿ ಮೆರವಣಿಗೆ ಹೋದಾಗ ಕಲ್ಲು, ಬಾಟಲಿಗಳ ಮಳೆ ಸುರಿಯಿತು. ಕಿಂಗ್ ಅವರ ತಲೆಗೇ ಕಲ್ಲು ಬಿತ್ತು. ಆಗ ಮೆರವಣಿಗೆಯ ಅಂಚಿನಲ್ಲಿ ನಿಂತು ಏಟು ತಿಂದರೂ ತಿರುಗಿ ಕೈಯೆತ್ತದವರಲ್ಲಿ ಈ ಪುಂಡ ಹುಡುಗರೂ ಇದ್ದರು. ಮೂಗು ಒಡೆದರೂ ಸುಮ್ಮನಿದ್ದರೆಂದು ಕಿಂಗ್ ಬರೆದಿದ್ದಾರೆ. ಒರಟು ಏರಿಯಾ ಯಾವುದೆಂದು ಆ ದಿನ ನೋಡಿದವರನ್ನು ಕೇಳಬೇಕಿತ್ತು!

ಇನ್ನು ಮಕ್ಕಳ ಸಂಗತಿ. ಬೇಸಿಗೆಯಲ್ಲಿ ನಾಲ್ವರೂ ಅಲ್ಲಿಗೆ ಬಂದರು. ಕೆಲವೇ ದಿನಗಳಲ್ಲಿ ತಂದೆ ಗಮನಿಸಿದರು: ಮಕ್ಕಳು ಮಾತುಮಾತಿಗೆ ಸಿಡುಕುತ್ತಿದ್ದಾರೆ, ದೊಡ್ಡವರು ಸಹ ಕೂಸುಗಳ ಹಾಗೆ ಹಟ ಮಾಡುತ್ತಿದ್ದಾರೆ. ಕಾರಣವನ್ನು ಅವರೇ ಬರೆದರು. ಸೆಕೆ, ಇಕ್ಕಟ್ಟು, ಆಡಲು ಜಾಗವಿಲ್ಲ. ಓಡಬೇಕೆಂದರೆ ವಾಹನ ನುಗ್ಗುವ ರಸ್ತೆಗೇ ಇಳಿಯಬೇಕು. ನೊಬೆಲ್ ಪ್ರಶಸ್ತಿಯ ತಂದೆ, ಓದಿದ ತಾಯಿ ಇದ್ದೂ ಆ ಮನೆ ನಾಲ್ಕು ಮಕ್ಕಳನ್ನು ಅಷ್ಟು ಬೇಗ ಬದಲಿಸಿತು. ಅಲ್ಲೇ ಹುಟ್ಟಿದ ಮಕ್ಕಳ ಪಾಡು ಏನೆಂದು ಆಗ ತಮಗೆ ಹೊಸದಾಗಿ ಅರ್ಥವಾಯಿತು ಎನ್ನುತ್ತಾರೆ ಕಿಂಗ್.

ಜುಲೈ 12ರಂದು ಧಗೆ ಹೆಚ್ಚಾಗಿ, ಬೆಂಕಿ ಆರಿಸಲು ಬೀದಿಬದಿಯಲ್ಲಿ ನೆಟ್ಟಿರುವ ದಪ್ಪ ನಲ್ಲಿಗಳನ್ನು ತಿರುಗಿಸಿಕೊಂಡು ಮಕ್ಕಳು ನೀರಾಟ ಆಡುತ್ತಿದ್ದರು. ಹತ್ತಿರದ ಈಜುಕೊಳಗಳಲ್ಲಿ ಹೆಚ್ಚಿನವು ಕಪ್ಪು ಮಕ್ಕಳನ್ನು ಸೇರಿಸುತ್ತಿರಲಿಲ್ಲ. ಪೊಲೀಸರು ನಲ್ಲಿ ಮುಚ್ಚಿದರು. ಜಗಳ ಹತ್ತಿತು. ಕೆಲವು ರಾತ್ರಿ ಕಲ್ಲು, ಲೂಟಿ, ಗುಂಡು. ಕೊನೆಗೆ ಸೈನಿಕ ಪಡೆ ಇಳಿಯಿತು. ಒಂದು ನಲ್ಲಿ ನೀರಿಗೆ!

ಹಾಗಾದರೆ ಕಿಂಗ್ ದಂಪತಿ ಮಕ್ಕಳನ್ನು ಅಲ್ಲಿಗೆ ಕರೆತಂದದ್ದು ಸರಿಯೇ? ನನ್ನ ಮಟ್ಟಿಗೆ, ದೊಡ್ಡವರು ಹೋದದ್ದು ನೂರಕ್ಕೆ ನೂರು ಸರಿ. ಮಕ್ಕಳು ಒಂದು ಬೇಸಿಗೆ ಇದ್ದದ್ದೂ ಸರಿಯೇ ಎನ್ನುತ್ತೇನೆ. ವರ್ಷಗಟ್ಟಲೆ ಇಡುವುದಾಗಿದ್ದರೆ ನಾನು ಅಜ್ಜನಾಗಿ ಬೇಡವೆನ್ನುತ್ತಿದ್ದೆ. ಅವರಿಗೆ ಅಟ್ಲಾಂಟಾದಲ್ಲಿ ಮನೆ ಇತ್ತು, ಶಾಲೆ ಇತ್ತು. ಪಕ್ಕದ ಮನೆಯವರಿಗೆ ಹೋಗಲು ಬೇರೆ ಜಾಗವಿರಲಿಲ್ಲ. ನಮ್ಮ ಮಗ-ಸೊಸೆಯೂ ಈ ಎರಡರಲ್ಲಿ ಯಾವ ಗುಂಪಿನವರು ಎಂದು ಮೊದಲು ನೋಡಬೇಕು. ಬೇರೆ ದಾರಿಯಿಲ್ಲದವರಿಗೆ "ಅಂಥ ಕಡೆ ಹೋಗಬೇಡಿ" ಎಂದು ಉಪದೇಶಿಸುವುದು ಸುಲಭ. ಮುಂಗಡಕ್ಕೆ ನಮ್ಮ ಪಿಂಚಣಿಯಿಂದ ಒಂದಿಷ್ಟು ಸೇರಿಸುವುದು ಕಷ್ಟ.

ಹೋಗಲೇಬೇಕಾದರೆ ಹಗಲಲ್ಲಿ ದಲ್ಲಾಳಿಯ ಜೊತೆ ನೋಡಿದ್ದು ಸಾಲದು. ರಾತ್ರಿ ಒಂಬತ್ತೂವರೆಗೆ ಒಮ್ಮೆ ನಡೆದು ಬನ್ನಿ. ಮೆಟ್ಟಿಲಿಗೆ ದೀಪ ಇದೆಯೇ, ಕೆಳಗಿನ ಬಾಗಿಲಿಗೆ ಚಿಲಕ ಕೂರುತ್ತದೆಯೇ, ಹೆಂಗಸರು ಅಂಗಡಿಗೆ ಒಬ್ಬರೇ ಬರುತ್ತಾರೆಯೇ ನೋಡಿ. ಭಾನುವಾರ ಸಂಜೆ ಮೊಮ್ಮಕ್ಕಳನ್ನೇ ಕರೆದುಕೊಂಡು ಹೋಗಿ, ಆ ಬೀದಿಯ ಮಕ್ಕಳು ಎಲ್ಲಿ ಆಡುತ್ತಾರೆ ಎಂದು ಪತ್ತೆ ಮಾಡಲು ಹೇಳಿ. ಚೆಂಡು ಹೋಗಿ ಬಿದ್ದರೆ ಯಾರ ಮನೆಯವರು ಬೈಯದೆ ಕೊಡುತ್ತಾರೆ ಎಂಬುದನ್ನು ಮಕ್ಕಳು ಹತ್ತು ನಿಮಿಷದಲ್ಲಿ ತಿಳಿದುಕೊಂಡು ಬರುತ್ತಾರೆ. ಪುಟಾಣಿಗಳೇ, ನೀವು ಕಂಡದ್ದನ್ನು ಅಪ್ಪ-ಅಮ್ಮನಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಹೆದರಿಕೆಯಾದರೆ ಅದನ್ನೂ ಹೇಳಿ.

1968ರ ಏಪ್ರಿಲ್ 4ರಂದು ಕಿಂಗ್ ಅವರ ಹತ್ಯೆಯಾಯಿತು. ಒಂದೇ ವಾರದಲ್ಲಿ, ಏಪ್ರಿಲ್ 11ರಂದು, ಬಣ್ಣ ನೋಡಿ ಮನೆ ನಿರಾಕರಿಸಬಾರದೆಂಬ ಕಾನೂನಿಗೆ ಅಧ್ಯಕ್ಷರ ಸಹಿ ಬಿತ್ತು. ಹ್ಯಾಮ್ಲಿನ್ ರಸ್ತೆಯ ಆ ಹಳೆಯ ಕಟ್ಟಡವನ್ನು ಮುಂದೆ ಕೆಡವಿದರು; ಜಾಗ ಬಹಳ ಕಾಲ ಖಾಲಿ ಬಿದ್ದಿತ್ತು. 2011ರಲ್ಲಿ ಅಲ್ಲಿ ಕಿಂಗ್ ಹೆಸರಿನ ಹೊಸ ವಸತಿ ಕಟ್ಟಡ ಎದ್ದಿತು. ಕಡಿಮೆ ಆದಾಯದ ಕುಟುಂಬಗಳಿಗೆ ಕೈಗೆಟಕುವ ಬಾಡಿಗೆಯ 45 ಮನೆಗಳು ಅದರಲ್ಲಿವೆ.