ಟೈಲ್ಸ್ ನೋಡಿದ್ವಿ, ತಾರಸಿ ನೋಡಲಿಲ್ಲ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಗಾದೆ ಇದೆ. ಬೇರೆಯವರು ಕಟ್ಟಿದ ಮನೆಯನ್ನ ಕೊಂಡು ನೋಡು ಅಂತ ಯಾರೂ ಗಾದೆ ಮಾಡಿಲ್ಲ. ಮಾಡಬೇಕಿತ್ತು.

ನಾವು ನಾಲ್ಕು ಜನ, ಹಾಸ್ಟೆಲ್‌ನ ಒಂದೇ ರೂಮಿನವರು, ಎಲ್ಲರೂ ಸೆಕೆಂಡ್ ಇಯರ್ ಸಿವಿಲ್. ನಮ್ಮಲ್ಲಿ ಒಬ್ಬನ ಅಪ್ಪ ಎರಡು ವರ್ಷದ ಹಿಂದೆ ದಾವಣಗೆರೆಯಲ್ಲಿ ಹದಿನೆಂಟು ವರ್ಷ ಹಳೆಯ ಮನೆ ಕೊಂಡರು. 62 ಲಕ್ಷ. ಪಿ.ಎಫ್. ದುಡ್ಡು, ಅಮ್ಮನ ಒಡವೆ ಮೇಲೆ ಸಾಲ, ಮಿಕ್ಕಿದ್ದು ಬ್ಯಾಂಕ್ ಲೋನ್. ಮನೆ ನೋಡೋಕೆ ಎಲ್ಲರೂ ಹೋಗಿದ್ದರು. ಹೊಸ ಪೇಂಟ್, ಹೊಳೆಯೋ ಟೈಲ್ಸ್, ವಾಸ್ತು ಸರಿ, ಬೋರ್‌ವೆಲ್ ನೀರು ಸಿಹಿ. ತಾರಸಿ ಬಾಗಿಲಿನ ಬೀಗದ ಕೈ ಸಿಗ್ತಿಲ್ಲ ಅಂದರಂತೆ, ಅದಕ್ಕೆ ಮೇಲೆ ಯಾರೂ ಹತ್ತಲಿಲ್ಲ.

ಜೂನ್‌ನಲ್ಲಿ ಮಳೆ ಹಿಡಿಯಿತು. ಮೂರನೇ ವಾರ ಒಂದು ಮಧ್ಯಾಹ್ನ ರೂಮಿನ ಸೀಲಿಂಗ್‌ನಿಂದ ಗಾರೆ ಸಮೇತ ಕಾಂಕ್ರೀಟ್ ಚಕ್ಕೆ ಕಿತ್ತು ಮಂಚದ ಮೇಲೆ ಬಿತ್ತು. ಅಜ್ಜಿ ಆಗ ತಾನೇ ಕಾಫಿ ಕುಡಿಯೋಕೆ ಅಂತ ಎದ್ದು ಹೋಗಿದ್ದರು. ಮೇಲೆ ನೋಡಿದರೆ ತುಕ್ಕು ಹಿಡಿದು ಉಬ್ಬಿದ ಕಂಬಿ. ರಿಪೇರಿಗೆ 2,40,000 ರೂಪಾಯಿ ಆಯ್ತು.

ಈ ವರ್ಷ ನಮ್ಮಲ್ಲೇ ಇನ್ನೊಬ್ಬನ ಅತ್ತೆ-ಮಾವ ಬೆಂಗಳೂರಲ್ಲಿ ಹಳೆಯ ಫ್ಲ್ಯಾಟ್ ನೋಡೋಕೆ ಶುರು ಮಾಡಿದರು. ಅಡ್ವಾನ್ಸ್ ಕೊಡೋ ಮೊದಲು ಒಂದು ಇನ್‌ಸ್ಪೆಕ್ಷನ್ ಮಾಡಿಸಿ ಅಂತ ನಾವೆಲ್ಲ ಹಿಂದೆ ಬಿದ್ವಿ. ಮಾವ ಕೇಳಿದ್ದು ಒಂದೇ ಪ್ರಶ್ನೆ: "ಲಾಯರ್ ನೋಡಿದ್ದಾರೆ, ಬ್ಯಾಂಕಿನೋರೂ ನೋಡ್ತಾರೆ. ಇನ್ನೊಬ್ಬರಿಗೆ ಯಾಕಪ್ಪ ದುಡ್ಡು?"

ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಹುಡುಕೋಕೆ ನಮಗೆ ಒಂದು ತಿಂಗಳು ಬೇಕಾಯ್ತು.

ಯಾರು ಏನು ನೋಡ್ತಾರೆ?

ಲಾಯರ್ ನೋಡೋದು ಕಾಗದ. ಕ್ರಯಪತ್ರ, ಋಣಭಾರ ಪತ್ರ, ಖಾತಾ, ಸ್ವಾಧೀನ ಪತ್ರ. ಇವೆಲ್ಲ ಬೇಕೇ ಬೇಕು. ಆದರೆ ಕಾಗದ ಪಕ್ಕಾ ಇರೋ ಮನೆಯೂ ಸೋರುತ್ತೆ. ಬ್ಯಾಂಕ್ ಕಳಿಸೋ ವ್ಯಾಲ್ಯುಯರ್ ಬಂದು ಅಳತೆ ನೋಡಿ, ಏರಿಯಾದ ರೇಟ್ ನೋಡಿ, ಕೊಟ್ಟ ಸಾಲಕ್ಕೆ ಈ ಆಸ್ತಿ ಸಾಕಾ ಅಂತ ಬ್ಯಾಂಕಿಗೆ ಹೇಳ್ತಾರೆ. ಬಾತ್‌ರೂಮ್ ಕೆಳಗೆ ನೀರು ಇಳಿಯುತ್ತಾ ಅನ್ನೋದು ಅವರ ಕೆಲಸ ಅಲ್ಲ. ಕಟ್ಟಡ ಹೇಗಿದೆ ಅಂತ ಕೊಳ್ಳುವವರ ಪರವಾಗಿ ನೋಡೋರು ಯಾರೂ ಇಲ್ಲ, ನಾವೇ ಕರೆದುಕೊಂಡು ಬರದಿದ್ದರೆ.

ಹೊಸ ಫ್ಲ್ಯಾಟ್ ಆದರೆ ಕಾನೂನಿನ ಸ್ವಲ್ಪ ಆಸರೆ ಇದೆ. 2016ರ ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಕಂಡರೆ ಬಿಲ್ಡರ್ ದುಡ್ಡು ತಗೊಳ್ಳದೆ 30 ದಿನದಲ್ಲಿ ಸರಿ ಮಾಡಿಕೊಡಬೇಕು. ಹದಿನೆಂಟು ವರ್ಷದ ಮನೆಗೆ ಈ ಆಸರೆ ಇಲ್ಲ. ಹಳೆಯ ಮನೆಗೆ ಇನ್‌ಸ್ಪೆಕ್ಷನ್ ಹೆಚ್ಚು ಬೇಕಾಗೋದು ಅದಕ್ಕೇ.

ಒಳಗೆ ಏನಾಗಿರುತ್ತೆ?

ದಾವಣಗೆರೆ ಮನೆಯ ಸೀಲಿಂಗ್ ಯಾಕೆ ಬಿತ್ತು ಅನ್ನೋದು ನಮಗೆ ಕ್ಲಾಸಲ್ಲಿ ಅರ್ಥ ಆಯ್ತು. ಒಳ್ಳೆ ಕಾಂಕ್ರೀಟ್‌ನ ಪಿ.ಎಚ್. 12ಕ್ಕಿಂತ ಮೇಲೆ ಇರುತ್ತೆ. ಅಷ್ಟು ಕ್ಷಾರ ಇದ್ದಾಗ ಕಂಬಿ ಮೇಲೆ ತೆಳುವಾದ ರಕ್ಷಣಾ ಪದರ ಉಳಿದು ತುಕ್ಕು ಹಿಡಿಯಲ್ಲ. ವರ್ಷಗಟ್ಟಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆ ಇಳಿದು ಪಿ.ಎಚ್. 9ರ ಹತ್ತಿರ ಬಂದರೆ ಆ ಪದರ ಹೋಗುತ್ತೆ. ಜೊತೆಗೆ ತಾರಸಿಯಿಂದ ನೀರು ಇಳಿದರೆ ಮುಗೀತು. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ತಗೊಳ್ಳುತ್ತೆ. ಜಾಗ ಸಾಲದೆ ಕೆಳಗಿನ ಕಾಂಕ್ರೀಟನ್ನು ಒಳಗಿಂದಲೇ ತಳ್ಳುತ್ತೆ.

ಕಂಬಿಯ ಮೇಲಿನ ಕಾಂಕ್ರೀಟ್ ದಪ್ಪಕ್ಕೆ ಕವರ್ ಅಂತೀವಿ. ಐ.ಎಸ್. 456 ಪ್ರಕಾರ ಪಿಲ್ಲರಿಗೆ ಇದು ಸಾಮಾನ್ಯವಾಗಿ 40 ಮಿ.ಮೀ. ಇರಬೇಕು. ಕವರ್ ಬ್ಲಾಕ್ ಇಡದೆ ಕಂಬಿಯನ್ನ ಸೆಂಟ್ರಿಂಗ್ ಶೀಟಿನ ಮೇಲೇ ಮಲಗಿಸಿ ಕಾಂಕ್ರೀಟ್ ಸುರಿದ ಮನೆಗಳಲ್ಲಿ ಈ ಕಾಯಿಲೆ ಬೇಗ ಬರುತ್ತೆ. ಪೇಂಟ್ ಹೊಡೆದರೆ ಅದು ಎರಡು ತಿಂಗಳು ಕಾಣಲ್ಲ ಅಷ್ಟೇ.

ಇನ್‌ಸ್ಪೆಕ್ಷನ್ ಅಂದರೆ ಏನು ಮಾಡ್ತಾರೆ?

ಮೊದಲ ಹಂತ ಕಣ್ಣು, ಕೈ, ಸಣ್ಣ ಪುಟ್ಟ ಉಪಕರಣ. ತಾರಸಿಯಲ್ಲಿ ನೀರು ನಿಲ್ಲೋ ಜಾಗ, ಪ್ಯಾರಪೆಟ್ ಬುಡದ ಬಿರುಕು, ಗೋಡೆಯ ತೇವ ಅಳೆಯೋ ಮೀಟರ್, ಟೈಲ್ಸ್ ತಟ್ಟಿ ಟೊಳ್ಳು ಶಬ್ದ ಕೇಳೋದು, ಅರ್ಥಿಂಗ್ ಇದೆಯಾ, ಆರ್.ಸಿ.ಸಿ.ಬಿ.ಯ ಟೆಸ್ಟ್ ಬಟನ್ ಒತ್ತಿದರೆ ಟ್ರಿಪ್ ಆಗುತ್ತಾ, ಇಂಥವು. ಬಿರುಕಿನ ಜಾತಿ ಗುರುತಿಸೋದು ಮುಖ್ಯ. ಗಾರೆ ಒಣಗುವಾಗ ಆದ ಕೂದಲೆಳೆ ಬಿರುಕಿಗೆ ಹೆದರಬೇಕಿಲ್ಲ. ಪಿಲ್ಲರ್ ಮೂಲೆಯಲ್ಲಿ ಕಂಬಿ ಹೋದ ದಾರಿಯಲ್ಲೇ ಉದ್ದಕ್ಕೆ ಬಿರುಕು ಇದ್ದರೆ, ತುಕ್ಕಿನ ಕಲೆ ಇದ್ದರೆ, ಅಲ್ಲಿ ನಿಲ್ಲಬೇಕು.

ಎರಡನೇ ಹಂತ ಅನುಮಾನ ಬಂದರೆ ಮಾತ್ರ. ಪಿ.ಯು.ಸಿ.ಯಲ್ಲಿ ಟೈಟ್ರೇಷನ್‌ಗೆ ಬಳಸಿದ ಫಿನಾಲ್ಫ್‌ಥಲೀನ್ ನೆನಪಿದೆಯಾ? ಕಾಂಕ್ರೀಟನ್ನು ಸ್ವಲ್ಪ ಒಡೆದು, ಹೊಸದಾಗಿ ಒಡೆದ ಜಾಗಕ್ಕೆ ಅದನ್ನೇ ಸಿಂಪಡಿಸ್ತಾರೆ. ಗುಲಾಬಿ ಬಣ್ಣ ಬಂದರೆ ಕ್ಷಾರ ಉಳಿದಿದೆ. ಬಣ್ಣ ಬರದಿದ್ದರೆ ಅಷ್ಟು ಆಳದವರೆಗೆ ರಕ್ಷಣೆ ಹೋಗಿದೆ. ಲ್ಯಾಬಲ್ಲಿ ಪಾಸ್ ಆಗೋಕೆ ಅಂತ ಮಾಡಿದ ಪ್ರಯೋಗ ಒಂದು ಮನೆಯ ಆಯಸ್ಸು ಹೇಳುತ್ತೆ ಅಂತ ಗೊತ್ತಾದಾಗ ನಮಗೆ ಸ್ವಲ್ಪ ನಾಚಿಕೆಯೇ ಆಯ್ತು.

ರಿಬೌಂಡ್ ಹ್ಯಾಮರ್ ಕೂಡ ಬಳಸ್ತಾರೆ. ಆದರೆ ಅದು ಕೊಡೋ ಬಲದ ಅಂದಾಜು ಶೇ 25ರಷ್ಟು ಆಚೀಚೆ ಆಗಬಹುದು. ಇನ್ನೊಂದು ಮೋಸವೂ ಇದೆ. ಇಂಗಾಲದ ಡೈಆಕ್ಸೈಡ್ ಇಳಿದ ಹಳೆಯ ಕಾಂಕ್ರೀಟ್‌ನ ಮೇಲ್ಮೈ ಗಟ್ಟಿಯಾಗಿರುತ್ತೆ, ಹಾಗಾಗಿ ರೀಡಿಂಗ್ ಹೆಚ್ಚೇ ಬರುತ್ತೆ. ಅಂದರೆ ಒಳಗೆ ಕಂಬಿ ಅಪಾಯದಲ್ಲಿರೋ ಪಿಲ್ಲರೇ ಚೆನ್ನಾಗಿ ಮಾರ್ಕ್ಸ್ ತಗೋಬಹುದು. ಬರೀ ಹ್ಯಾಮರ್ ಹೊಡೆದು ಪರವಾಗಿಲ್ಲ ಅಂತ ಹೇಳೋರನ್ನ ನಂಬಬೇಡಿ. ಅಲ್ಟ್ರಾಸಾನಿಕ್ ಪರೀಕ್ಷೆಯನ್ನೂ ಜೊತೆಗೆ ನೋಡ್ತಾರೆ. ಅದರಲ್ಲಿ ವೇಗ ಸೆಕೆಂಡಿಗೆ 3 ಕಿ.ಮೀ.ಗಿಂತ ಕಡಿಮೆ ಬಂದರೆ ಕಾಂಕ್ರೀಟ್ ಸರಿಯಿಲ್ಲ ಅಂತ ಲೆಕ್ಕ.

ಕಣ್ಣಿನ ಪರೀಕ್ಷೆಗೆ ಮಿತಿ ಇದೆ ಅನ್ನೋದಕ್ಕೆ ದೊಡ್ಡ ಉದಾಹರಣೆ ಉತ್ತರದ ಗುರುಗ್ರಾಮದ್ದು. 2022ರ ಫೆಬ್ರವರಿ 10ರಂದು ಅಲ್ಲಿನ ಚಿಂಟೆಲ್ಸ್ ಪ್ಯಾರಡೈಸೊ ಅಪಾರ್ಟ್‌ಮೆಂಟ್‌ನ ಡಿ ಟವರ್‌ನಲ್ಲಿ ಒಂದು ಭಾಗ ಮಹಡಿ ಮೇಲೆ ಮಹಡಿ ಕುಸಿದು ಇಬ್ಬರು ಮಹಿಳೆಯರು ತೀರಿಕೊಂಡರು. ಆಮೇಲೆ ದೆಹಲಿ ಐ.ಐ.ಟಿ.ಯವರು ಪರೀಕ್ಷಿಸಿದಾಗ ಕಾಂಕ್ರೀಟ್ ಒಳಗೇ ಕ್ಲೋರೈಡ್ ಇತ್ತು, ಕಂಬಿಗಳು ಬೇಗ ತುಕ್ಕು ಹಿಡಿದಿದ್ದವು ಅಂತ ಗೊತ್ತಾಯ್ತು. ಕ್ಲೋರೈಡ್ ಕಣ್ಣಿಗೆ ಕಾಣೋ ವಸ್ತು ಅಲ್ಲ, ಲ್ಯಾಬ್ ಪರೀಕ್ಷೆಯೇ ಆಗಬೇಕು. ಹಾಗಾಗಿ ಇನ್‌ಸ್ಪೆಕ್ಷನ್ ರಿಪೋರ್ಟ್ ಗ್ಯಾರಂಟಿ ಕಾರ್ಡ್ ಅಲ್ಲ. ಗೊತ್ತಿಲ್ಲದೆ ಇರೋದನ್ನ ಅದು ಕಡಿಮೆ ಮಾಡುತ್ತೆ, ಪೂರ್ತಿ ತೆಗೆಯಲ್ಲ.

ದುಡ್ಡಿನ ಲೆಕ್ಕ

ಅತ್ತೆ-ಮಾವ ನೋಡಿದ ಫ್ಲ್ಯಾಟ್ 78 ಲಕ್ಷದ್ದು. ಮುದ್ರಾಂಕ ಶುಲ್ಕವೇ ಶೇ 5, ಅಂದರೆ 3,90,000. ಬ್ರೋಕರ್‌ಗೆ ಶೇ 1, ಅಂದರೆ 78,000. ಇನ್‌ಸ್ಪೆಕ್ಷನ್‌ಗೆ ನಮಗೆ ಹೇಳಿದ್ದು 12,000. ಮನೆಯ ಬೆಲೆಯಲ್ಲಿ ಶೇ 0.15.

ಇದು ದುಬಾರಿಯಾ? ಒಂದು ಸಣ್ಣ ಪ್ರಾಬಬಿಲಿಟಿ ಲೆಕ್ಕ ಹಾಕೋಣ. ಅಡಗಿರೋ ದೋಷದ ರಿಪೇರಿಗೆ 2 ಲಕ್ಷ ಆಗುತ್ತೆ ಅಂತ ಇಟ್ಟುಕೊಳ್ಳಿ. 12,000ವನ್ನ 2,00,000ದಿಂದ ಭಾಗಿಸಿದರೆ 0.06. ನೂರು ಮನೆಯಲ್ಲಿ ಆರಕ್ಕೆ ಇಂಥ ದೋಷ ಇದ್ದರೆ ಹಾಕಿದ ದುಡ್ಡು ವಾಪಸ್ ಬಂದ ಹಾಗೆ. ಇನ್‌ಸ್ಪೆಕ್ಟರ್ ಅರ್ಧ ದೋಷಗಳನ್ನಷ್ಟೇ ಹಿಡೀತಾರೆ ಅಂದುಕೊಂಡರೂ ಹನ್ನೆರಡು. ಹದಿನೈದು-ಇಪ್ಪತ್ತು ವರ್ಷದ ಮನೆಗಳಲ್ಲಿ ಸೋರಿಕೆ ಎಷ್ಟು ಕಡೆ ಇರುತ್ತೆ ಅಂತ ನಿಮ್ಮ ಬೀದಿಯ ಮನೆಗಳನ್ನೇ ನೆನೆಸಿಕೊಂಡು ನೋಡಿ. ಅಜ್ಜಿಯ ತಲೆಯ ಬೆಲೆ ಈ ಲೆಕ್ಕದಲ್ಲಿ ನಾವು ಹಾಕೇ ಇಲ್ಲ.

ಆದರೆ ಟೈಮಿಂಗ್ ಮುಖ್ಯ. ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಂಡ ಮೇಲೆ ಮಾಡಿಸಿದರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಮೊದಲೇ ಮಾಡಿಸಿದರೆ ಮೂರು ದಾರಿ ತೆರೆದಿರುತ್ತೆ: ಬೆಲೆ ಇಳಿಸಿ ಅನ್ನಬಹುದು, ರಿಪೇರಿ ಮಾಡಿಸಿಕೊಡಿ ಅನ್ನಬಹುದು, ಕೈ ಮುಗಿದು ಬರಬಹುದು. ಇನ್‌ಸ್ಪೆಕ್ಷನ್ ಬೇಡವೇ ಬೇಡ ಅನ್ನೋ ಓನರ್ ಸಿಕ್ಕರೆ, ಅದೂ ಒಂದು ರಿಪೋರ್ಟೇ.

ನೀವೇ ಮಾಡಬಹುದಾದ್ದು

12,000 ಕೊಡೋ ಮೊದಲು ಬಿಟ್ಟಿಯಾಗಿ ಒಂದು ಸುತ್ತು ನೋಡಿ. ಟಾರ್ಚ್, ಒಂದು ನಾಣ್ಯ, ಒಂದು ಗೋಲಿ ಸಾಕು. ಗೋಲಿಯನ್ನ ಬಾತ್‌ರೂಮ್ ನೆಲದಲ್ಲಿ ಬಿಟ್ಟರೆ ಜಾಲರಿ ಕಡೆ ಉರುಳಬೇಕು. ನಾಣ್ಯದಿಂದ ಟೈಲ್ಸ್ ತಟ್ಟಿ. ಟಾರ್ಚನ್ನ ಗೋಡೆಗೆ ಓರೆಯಾಗಿ ಹಿಡಿದರೆ ಪೇಂಟ್ ಕೆಳಗಿನ ಪ್ಯಾಚ್ ಕಾಣುತ್ತೆ. ಕೆಳಗಿನ ಮನೆಯವರ ಬಾತ್‌ರೂಮ್ ಸೀಲಿಂಗ್ ನೋಡೋಕೆ ಬಿಡ್ತಾರಾ ಕೇಳಿ. ಮಳೆ ಬಂದ ಮಾರನೇ ದಿನ ಹೋಗಿ. ತಾರಸಿಗೆ ಹತ್ತಿಯೇ ಹತ್ತಿ, ಬೀಗದ ಕೈ ಸಿಗೋವರೆಗೂ ಕಾಯಿರಿ.

ಆ ಫ್ಲ್ಯಾಟಿನ ರಿಪೋರ್ಟ್ 22 ಪುಟ ಬಂತು. ಪಿಲ್ಲರುಗಳು ಚೆನ್ನಾಗಿದ್ದವು. ಬಾತ್‌ರೂಮ್ ಸೋರಿಕೆ, ಅರ್ಥಿಂಗ್ ಇಲ್ಲದ ಎರಡು ಪಾಯಿಂಟ್, ಹಾಲ್‌ನ ಅರ್ಧ ಟೈಲ್ಸ್ ಟೊಳ್ಳು. ಓನರ್ ಸ್ವಲ್ಪ ಗೊಣಗಿ 1,25,000 ಇಳಿಸಿದರು. ಮಾವ ಈಗ ಸಿಕ್ಕ ಸಿಕ್ಕವರಿಗೆಲ್ಲ ಅದನ್ನ ತಮ್ಮದೇ ಐಡಿಯಾ ಅಂತ ಹೇಳ್ತಿದ್ದಾರೆ. ನಮ್ಮ ಅಭ್ಯಂತರ ಏನಿಲ್ಲ.

ಆ ರಿಪೋರ್ಟನ್ನ ದಾವಣಗೆರೆಯ ಅಪ್ಪನಿಗೂ ತೋರಿಸಿದ್ವಿ. ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ತಿರುವಿ ಕೇಳಿದರು: "ಇದು ನಂಗೂ ಸಿಗ್ತಿತ್ತಾ ಮಗಾ?"

ಸಿಗ್ತಿತ್ತು ಅಂತ ಹೇಳೋಕೆ ನಮಗೆ ಯಾರಿಗೂ ಬಾಯಿ ಬರಲಿಲ್ಲ. ಈ ರಜೆಯಲ್ಲಿ ನಿಮ್ಮ ಮನೆಯವರು ಮನೆ ನೋಡೋಕೆ ಹೊರಟರೆ ಜೊತೆಗೆ ಹೋಗಿ.